ಎದುರು ಮನೆಯವರ ಅಂಗಿಯ ಎರಡನೆಯ ಗುಂಡಿ

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಅನುಭವಸ್ಥ. ಶಾಲೆಯಲ್ಲಿ ಪಕ್ಕದ ಬೆಂಚಿನವನ ದುಂಡು ಅಕ್ಷರದ ಮೇಲೆ, ಕಾಲೇಜಿನಲ್ಲಿ ರೂಮಿನ ಗೆಳೆಯನ ಮೀಸೆಯ ಮೇಲೆ, ಮದುವೆಯಾದ ಮೇಲೆ ಭಾವನ ತಲೆಗೂದಲಿನ ಮೇಲೆ, ಅಬುಧಾಬಿಗೆ ಬಂದ ಮೇಲೆ ಕಂಪನಿ ಬಸ್ಸಿನಲ್ಲಿ ದಿನವೂ ತಂಪು ಗಾಳಿ ನೇರವಾಗಿ ಬೀಳುವ ಸೀಟನ್ನೇ ಹಿಡಿಯುವ ಮಹಾನುಭಾವನ ಮೇಲೆ, ಹೀಗೆ ಕಾಲಕಾಲಕ್ಕೆ ಕರುಬುತ್ತಲೇ ಬಂದಿದ್ದೇನೆ. ಇವೆಲ್ಲ ಮರ್ಯಾದಸ್ಥರು ಪಡಬಹುದಾದ ಹೊಟ್ಟೆಕಿಚ್ಚುಗಳು. ಆದರೆ ನಲವತ್ತಾರನೆಯ ವಯಸ್ಸಿನಲ್ಲಿ ನಾನು ಒಂದು ಅಂಗಿಯ ಗುಂಡಿಯ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಬಂಗಾರದ ಗುಂಡಿಯಲ್ಲ, ಬೆಳ್ಳಿಯದೂ ಅಲ್ಲ. ಹಾಲಿನ ಗುಂಡಿ. ಅದು ಇದ್ದದ್ದು ನಮ್ಮ ಎದುರು ಮನೆಯ ವಲೇರಿಯನ್ ಅವರ ಬಿಳಿ ಅಂಗಿಯಲ್ಲಿ, ಕಾಲರಿನಿಂದ ಎರಡನೆಯದು. ಎದೆಯ ಮೇಲೆ, ಬೇಡವೆಂದರೂ ಕಣ್ಣಿಗೆ ಬೀಳುವ ಜಾಗ.

ನನ್ನ ವೃತ್ತಿ ಯಾವುದೆಂದು ಹೇಳದಿದ್ದರೆ ನನ್ನ ಸಂಕಟ ನಿಮಗೆ ಅರ್ಥವಾಗುವುದಿಲ್ಲ. ಮುಸಫ್ಫಾದ ಒಂದು ಪೈಪ್ ಕಾರ್ಖಾನೆಯ ಲ್ಯಾಬಿನಲ್ಲಿ ನಾನು ಪ್ಲಾಸ್ಟಿಕ್ಕಿನ ಗುಣಮಟ್ಟ ನೋಡುವವನು. ಹದಿನೆಂಟು ವರ್ಷದಿಂದ ಅದನ್ನು ಬಗ್ಗಿಸಿ, ಎಳೆದು, ಕಾಯಿಸಿ, ನೀರಿನಲ್ಲಿ ಮುಳುಗಿಸಿ, ಮೇಲಿನಿಂದ ತೂಕ ಬೀಳಿಸಿ, ಒಡೆಯಿತೋ ಉಳಿಯಿತೋ ಎಂದು ಬರೆದಿಡುತ್ತ ಬಂದಿದ್ದೇನೆ. ನನ್ನ ಬಲಗೈ ಹೆಬ್ಬೆರಳಿನ ಮೇಲೆ ಅಡ್ಡಕ್ಕೆ ಒಂದು ಗೆರೆ ಇದೆ. ಸೇರಿದ ಮೊದಲ ವರ್ಷವೇ ಒಂದು ಅಚ್ಚು ಕಚ್ಚಿದ ಗುರುತು. ಊರಿನಲ್ಲಿ ಯಾರಾದರೂ ‘ನಿಮಗೆ ಅಲ್ಲಿ ಎಂತ ಕೆಲಸ?’ ಎಂದು ಕೇಳಿದರೆ ನಾನು ಸೈನಿಕ ಪದಕ ತೋರಿಸುವಂತೆ ಆ ಬೆರಳನ್ನು ಮುಂದೆ ಮಾಡುತ್ತೇನೆ. ವಲೇರಿಯನ್ ಅವರಾದರೋ ಮಂಗಳೂರು ಕಡೆಯವರು, ದೊಡ್ಡ ಹೋಟೆಲೊಂದರಲ್ಲಿ ಕೇಕು ಬ್ರೆಡ್ಡುಗಳ ಬಾಣಸಿಗರು. ಪ್ಲಾಸ್ಟಿಕ್ಕಿಗೂ ಅವರಿಗೂ ಇರುವ ಸಂಬಂಧವೆಂದರೆ ಕೇಕಿನ ಮೇಲೆ ಹೊದಿಸುವ ತೆಳ್ಳಗಿನ ಹಾಳೆಯಷ್ಟೇ. ಹೀಗಿರುವಾಗ ನನ್ನ ಮಗಳು ಪ್ಲಾಸ್ಟಿಕ್ ಕಲಿಯುವುದಕ್ಕೆ ಅವರ ಮನೆಗೆ ಹೋದರೆ ನಾನು ಏನೆಂದು ತಿಳಿಯಬೇಕು?

ನ್ಯಾಯವಾಗಿ ಹೇಳಬೇಕೆಂದರೆ ಅವಳು ಮೊದಲು ಬಂದದ್ದು ನನ್ನ ಬಳಿಗೇ. ಸನ್ನಿಧಿಗೆ ಆಗ ಹತ್ತು ವರ್ಷ. ಅಡುಗೆಮನೆಯ ಸಾಮಾನುಗಳಿಂದಲೇ ಏನಾದರೂ ಮಾಡಿ ವಿಜ್ಞಾನ ಪ್ರದರ್ಶನಕ್ಕೆ ತನ್ನಿ ಎಂದು ಶಾಲೆಯಲ್ಲಿ ಹೇಳಿದ್ದರು. ಒಂದು ಸಂಜೆ ನಾನು ಬಸ್ಸಿಳಿದು ಬಂದು ಶೂ ಬಿಚ್ಚುತ್ತಿದ್ದಾಗ ಅವಳು ಎದುರು ಬಂದು ನಿಂತಳು.

“ಅಪ್ಪ, ಹಾಲಿಂದ ಪ್ಲಾಸ್ಟಿಕ್ ಮಾಡ್ಬಹುದಂತೆ. ಈಸ್ ಇಟ್ ಟ್ರೂ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಪ್ಲಾಸ್ಟಿಕ್ ಬಲ್ಲವನಲ್ಲವೇ? ಒಂದು ಕಾಲಿನಲ್ಲಿ ಶೂ ಇಟ್ಟುಕೊಂಡೇ ವಿವರಿಸತೊಡಗಿದೆ. ಹಾಲಿನಿಂದ ಆಗುವುದನ್ನು ನಿಜವಾದ ಅರ್ಥದಲ್ಲಿ ಪ್ಲಾಸ್ಟಿಕ್ ಎನ್ನಲಾಗದು, ಅದು ಹಾಲಿನ ಪ್ರೋಟೀನು, ನಮ್ಮ ಕಾರ್ಖಾನೆಯದು ಬೇರೆ, ಅದರ ಸರಪಳಿ ಬೇರೆ, ಕೊಂಡಿ ಬೇರೆ, ಎಂದು ಹೇಳುತ್ತ ಹೋಗಿ ಕೊನೆಗೆ ಅವಳ ನೋಟುಪುಸ್ತಕದ ಹಿಂಬದಿಯಲ್ಲಿ ಷಟ್ಕೋನಗಳನ್ನು ಬರೆಯುವವರೆಗೆ ಮುಟ್ಟಿದೆ. ಷಟ್ಕೋನದ ಅಗತ್ಯ ಅಲ್ಲಿ ಸ್ವಲ್ಪವೂ ಇರಲಿಲ್ಲ. ಕೈ ತಾನಾಗಿ ಬರೆಯಿತು. ಅವಳು ಎಲ್ಲವನ್ನೂ ಕೇಳಿಸಿಕೊಂಡು, “ಆದ್ರೆ ಮಾಡುವಾ, ಅಪ್ಪ?” ಎಂದಳು. ಆಗ ನನ್ನ ಬಾಯಿಂದ ವಿಜ್ಞಾನಿಯ ಬದಲು ನಮ್ಮಜ್ಜಿ ಮಾತಾಡಿದರು. “ಮನೆಯಲ್ಲಿ ಬೇಕೂಂತ ಹಾಲು ಒಡೆಸ್ಬಾರ್ದು ಮಗಾ.”

ನಮ್ಮ ಕಡೆಯ ಮನೆಗಳಲ್ಲಿ ಹಾಲಿಗೆ ಇರುವ ಗೌರವ ಮನೆಯ ಯಜಮಾನನಿಗೂ ಇರುವುದಿಲ್ಲ. ಹಾಲು ಉಕ್ಕಿದರೆ ಶುಭ, ಒಡೆದರೆ ಅಶುಭ. ಈ ಫ್ಲಾಟಿಗೆ ಬಂದ ದಿನ ಹೆಂಡತಿ ಶ್ಯಾಮಲಾ ಹೊಸ ಪಾತ್ರೆಯಲ್ಲಿ ಹಾಲಿಟ್ಟು ಅದು ಉಕ್ಕಿ ಹರಿಯುವವರೆಗೆ ಕೈಮುಗಿದು ನಿಂತಿದ್ದಳು. ಹಾಲು ಉಕ್ಕಿತು, ಒಲೆಯ ಮೇಲೆ ಸೀದು ಹೊಗೆಯೆದ್ದಿತು, ಚಾವಣಿಯಲ್ಲಿದ್ದ ಹೊಗೆಯ ಅಲಾರಂ ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿಕೊಂಡಿತು. ಕಟ್ಟಡದ ಕಾವಲುಗಾರ ನಾತೂರ್ ಏಳು ಮಹಡಿ ಮೆಟ್ಟಿಲು ಹತ್ತಿ ಓಡಿ ಬಂದು, “ಮಾಫಿ ಮುಶ್ಕಿಲ್? ಮಾಫಿ ಮುಶ್ಕಿಲ್?” ಎಂದು ಏದುಸಿರು ಬಿಡುತ್ತ ಕೇಳಿದ. ತೊಂದರೆ ಏನೂ ಇಲ್ಲವಪ್ಪಾ, ಶುಭವಾಗುತ್ತಿದೆ ಎಂದು ಅವನಿಗೆ ಯಾವ ಭಾಷೆಯಲ್ಲಿ ಹೇಳುವುದು? ಅಂದು ಮೊದಲು ಬಾಗಿಲು ತೆರೆದು, ಟವೆಲು ಬೀಸಿ ಅಲಾರಂ ನಿಲ್ಲಿಸಿದವರೇ ವಲೇರಿಯನ್. ನಮ್ಮ ಪರಿಚಯವಾದದ್ದು ಹಾಗೆ. ಇಷ್ಟು ಕಷ್ಟಪಟ್ಟು ಹಾಲು ಉಕ್ಕಿಸಿದ ಮನೆಯಲ್ಲಿ ಬೇಕೆಂದೇ ಹುಳಿ ಹಿಂಡಿ ಹಾಲು ಒಡೆಸುವುದೇ?

ಹಾಗಂತ ವಾರಕ್ಕೊಮ್ಮೆ ನಾವು ಪನೀರು ತಿನ್ನುತ್ತೇವೆ. ಅದು ಅಂಗಡಿಯದು. ಬೇರೆಯವರು ಒಡೆಸಿದ ಹಾಲಿನ ಪಾಪ ಬೇರೆಯವರಿಗೆ, ಪಲ್ಯ ನಮಗೆ ಎಂಬ ಏರ್ಪಾಡು. ಮಗಳು ಆ ಪ್ರಶ್ನೆಯನ್ನೂ ಕೇಳಿದಳು. ನಾನು ಎರಡನೆಯ ಶೂ ಬಿಚ್ಚಿದೆ. ಮರುದಿನ ಸಂಜೆ ಬಂದು ನೋಡಿದರೆ ಅವಳು ಮನೆಯಲ್ಲಿರಲಿಲ್ಲ.

“ಎಲ್ಲಿ ಇವಳು?”

“ಎದುರು ಮನೆಯಲ್ಲಿ ಹಾಲು ಒಡೆಸ್ಲಿಕ್ಕೆ ಹೋಗಿದ್ದಾಳೆ,” ಎಂದಳು ಶ್ಯಾಮಲಾ. “ಅವರಲ್ಲಿ ಅದಕ್ಕೆಲ್ಲ ಎಂತ ಇಲ್ಲ ಅಲ್ವಾ? ವಿನೆಗರ್ ಬಾಟ್ಲಿ ಒಲೆಯ ಪಕ್ಕದಲ್ಲೇ ಉಂಟು.”

ಅಂದಿನಿಂದ ನನ್ನ ಹೊಟ್ಟೆಯಲ್ಲಿ ಉರಿ ಶುರುವಾಯಿತು. ವಲೇರಿಯನ್ ಅವರದು ಬೆಳಗಿನ ಜಾವದ ಪಾಳಿ. ಊರಿಗೆಲ್ಲ ಬ್ರೆಡ್ಡು ಬೇಯಿಸಿಟ್ಟು ಮಧ್ಯಾಹ್ನಕ್ಕೆ ಮನೆಗೆ ಬಂದು, ಒಂದು ನಿದ್ರೆ ತೆಗೆದು, ಮಗಳು ಶಾಲೆಯಿಂದ ಬರುವ ಹೊತ್ತಿಗೆ ತಾಜಾ ಆಗಿ ಕೂತಿರುತ್ತಿದ್ದರು. ಅವರ ಹೆಂಡತಿ ಗ್ರೆಟ್ಟಾ ಆಸ್ಪತ್ರೆಯಲ್ಲಿ ನರ್ಸು. ಅವರಿಗೆ ಮಕ್ಕಳಿರಲಿಲ್ಲ. ನಾನು ಮುಸಫ್ಫಾದಿಂದ ಬಸ್ಸಿನಲ್ಲಿ ಟ್ರಾಫಿಕ್ಕನ್ನು ಈಜಿ ಬರುವಾಗ ಆರೂವರೆ. ಅಷ್ಟರಲ್ಲಿ ಅವರಿಬ್ಬರೂ ನಾಲ್ಕು ಸಲ ಹಾಲು ಒಡೆಸಿ ನಾಲ್ಕು ಸಲ ನಕ್ಕಾಗಿರುತ್ತಿತ್ತು. ನಾನು ಲಿಫ್ಟಿನಿಂದ ಹೊರಗೆ ಬರುವಾಗ ಒಂದು ಬಾಗಿಲಿನ ಸಂದಿಯಿಂದ ವಿನೆಗರಿನ ವಾಸನೆ ಮತ್ತು ಮಗಳ ನಗು, ಇನ್ನೊಂದು ಬಾಗಿಲಿನ ಹಿಂದೆ ನನ್ನ ಮನೆ. ನಾನು ನನ್ನ ಬಾಗಿಲಿನ ಬೀಗಕ್ಕೆ ಕೀಲಿಕೈ ಹಾಕುವುದಕ್ಕೆ ಆ ದಿನಗಳಲ್ಲಿ ತೆಗೆದುಕೊಳ್ಳುತ್ತಿದ್ದಷ್ಟು ಹೊತ್ತನ್ನು ಯಾವ ಕಳ್ಳನೂ ತೆಗೆದುಕೊಂಡಿರಲಾರ. ಕಿವಿ ಅತ್ತ ಇರುತ್ತಿತ್ತು.

ಹೀಗೆ ಕದ್ದು ಕೇಳಿಯೇ ನಾನು ಅವರ ವಿಧಾನ ತಿಳಿದುಕೊಂಡದ್ದು. “ಹಾಲು ಕುದೀಬಾರ್ದು ಸನ್ನೀ, ಬರೇ ಹಬೆ ಬರ್ಬೇಕು. ಬೆರಳು ಹತ್ರ ತಕೊಂಡ್ರೆ ಗೊತ್ತಾಗ್ತದೆ. ಈಗ ವಿನೆಗರ್ ಹಾಕು. ಹಾಂ, ನಿಧಾನ. ನೋಡು, ಮುದ್ದೆ ಬೇರೆ, ನೀರು ಬೇರೆ.” ಆಮೇಲೆ ಬಟ್ಟೆಯಲ್ಲಿ ಸೋಸುವುದು, ಹುಳಿ ಹೋಗುವವರೆಗೆ ನೀರಿನಲ್ಲಿ ತೊಳೆಯುವುದು, ಹಿಂಡಿ ಹಿಂಡಿ ಒಣಮುದ್ದೆ ಮಾಡುವುದು, ಚಪಾತಿ ಹಿಟ್ಟಿನ ಹಾಗೆ ನಾದುವುದು. ಥರ್ಮಾಮೀಟರಿಲ್ಲ, ತಕ್ಕಡಿಯಿಲ್ಲ, ಟೈಮರಿಲ್ಲ. ನಾನಾಗಿದ್ದರೆ ಇದಕ್ಕೆಲ್ಲ ಒಂದು ಪಟ್ಟಿ ಮಾಡಿ, ಸಹಿ ಹಾಕಿ, ಇನ್ನೊಬ್ಬನಿಂದ ಸಹಿ ಹಾಕಿಸುತ್ತಿದ್ದೆ. ಅವರು ಬೆರಳು ತೋರಿಸಿ ಕಲಿಸುತ್ತಿದ್ದರು, ಅವಳು ಕಲಿಯುತ್ತಿದ್ದಳು. ರಾತ್ರಿಯ ಊಟಕ್ಕೆ ಅನ್ನದ ಜೊತೆ “ವಲ್ಲಿ ಅಂಕಲ್ ಸೇಸ್” ಎಂಬ ಉಪ್ಪಿನಕಾಯಿ ದಿನವೂ ನನ್ನ ತಟ್ಟೆಗೆ ಬೀಳತೊಡಗಿತು. ವಲ್ಲಿ ಅಂಕಲ್ ಹೇಳುತ್ತಾರೆ ತೆಳ್ಳಗೆ ಮಾಡಿದರೆ ಬಿರುಕು ಬಿಡುವುದಿಲ್ಲ. ವಲ್ಲಿ ಅಂಕಲ್ ಹೇಳುತ್ತಾರೆ ಬಿಸಿಲಿಗಿಡಬಾರದು, ನೆರಳಲ್ಲೇ ಎರಡು ದಿನ ಒಣಗಬೇಕು. ಎಲ್ಲವೂ ಸರಿ ಇತ್ತು, ಅದೇ ನನಗೆ ಸಹಿಸಲಾಗುತ್ತಿರಲಿಲ್ಲ. ಒಂದಾದರೂ ತಪ್ಪು ಹೇಳಬಾರದೇ ಈ ಮನುಷ್ಯ ಎಂದು ಕಾಯುತ್ತಿದ್ದೆ.

ನೋಡಿ, ಹಾಲಿನ ಪ್ಲಾಸ್ಟಿಕ್ಕಿನ ಬಗ್ಗೆ ನನಗೆ ಗೊತ್ತಿಲ್ಲದ್ದೇನೂ ಇರಲಿಲ್ಲ. ನೆಲದಡಿಯ ಎಣ್ಣೆಯಿಂದ ಪ್ಲಾಸ್ಟಿಕ್ ತೆಗೆಯುವ ಮೊದಲು ಜನ ಅದನ್ನು ಹಟ್ಟಿಯಿಂದಲೇ ತೆಗೆದಿದ್ದರು. ನಮ್ಮ ಅಜ್ಜಂದಿರ ಕಾಲದ ಕೋಟಿನ ಗುಂಡಿ, ಸ್ವೆಟರಿನ ಕಡ್ಡಿ, ಬಣ್ಣಬಣ್ಣದ ಫೌಂಟನ್ ಪೆನ್ನು, ಇವುಗಳಲ್ಲಿ ಎಷ್ಟೋ ಹಾಲಿನಿಂದಾದವು. ದನ ಹುಲ್ಲು ತಿಂದು ಹಾಲು ಕೊಡುತ್ತಿತ್ತು, ಹಾಲು ಗುಂಡಿಯಾಗಿ ದೊಡ್ಡ ಮನುಷ್ಯರ ಎದೆಯ ಮೇಲೆ ಕೂರುತ್ತಿತ್ತು. ಆದರೆ ಅದಕ್ಕೆ ಒಂದು ದೋಷ ಇತ್ತು. ಹಾಗೇ ಬಿಟ್ಟರೆ ಅದು ನೀರು ಕುಡಿದು ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ. ಅದಕ್ಕೇ ಕಾರ್ಖಾನೆಗಳಲ್ಲಿ ಅದನ್ನು ವಾರಗಟ್ಟಲೆ ಫಾರ್ಮಲಿನ್ನಿನಲ್ಲಿ ನೆನೆಸಿ ಗಟ್ಟಿ ಮಾಡುತ್ತಿದ್ದರು. ಮನೆಯಲ್ಲಿ ಮಾಡಿದ ಗುಂಡಿಗೆ ಆ ಭಾಗ್ಯ ಇಲ್ಲ. ಅದಕ್ಕೆ ನೀರು ತಾಗಿತೋ, ಖಲಾಸ್. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ನಾನಂತೂ ಇಟ್ಟುಕೊಂಡಿದ್ದೆ, ಯಾರಿಗೂ ಹೇಳದೆ.

ಸೋಲೊಪ್ಪುವ ಮೊದಲು ಒಂದು ಪ್ರಯತ್ನ ಮಾಡೋಣ ಎಂದುಕೊಂಡೆ. ಅಡುಗೆಯವರು ದನದ ಹಾಲಿನಲ್ಲಿ ಮಾಡಿದ್ದನ್ನು ನಾನು ಒಂಟೆಯ ಹಾಲಿನಲ್ಲಿ ಮಾಡಿ ತೋರಿಸಿದರೆ ಹೇಗೆ? ಈ ನೆಲದ ಹಾಲು, ಈ ನೆಲದ ಪ್ಲಾಸ್ಟಿಕ್, ಶಾಲೆಯ ಪ್ರದರ್ಶನದಲ್ಲಿ ಎಲ್ಲರೂ ಬೆರಗಾಗಬೇಕು, ಮಗಳು “ಅಪ್ಪ ಸೇಸ್” ಎನ್ನಬೇಕು. ಒಂಟೆ ಹಾಲಿನ ಬಾಟಲಿಯನ್ನು ಬ್ಯಾಗಿನಲ್ಲಿ ಅಡಗಿಸಿಕೊಂಡು ಮುಸಫ್ಫಾದ ಲ್ಯಾಬಿಗೆ ಹೋದೆ. ಊಟದ ಬಿಡುವಿನಲ್ಲಿ ಬೀಕರಿನಲ್ಲಿ ಅಳೆದು, ಡಿಗ್ರಿ ಡಿಗ್ರಿ ನೋಡಿ ಕಾಯಿಸಿ, ಹನಿ ಹನಿ ಆಮ್ಲ ಬಿಟ್ಟೆ. ಅದು ಗಟ್ಟಿ ಮುದ್ದೆಯಾಗುವ ಬದಲು ನುಣ್ಣನೆ ಮರಳಿನ ಹಾಗೆ ತಳಕ್ಕೆ ಕೂತಿತು. ಸೋಸಿದರೆ ಬಟ್ಟೆಯಿಂದಲೂ ಇಳಿದುಹೋಯಿತು. ಒಂಟೆಗೆ ತನ್ನದೇ ಹಟ ಇರುವುದು ಕೇಳಿದ್ದೆ, ಅದರ ಹಾಲಿಗೂ ಇರುವುದು ಗೊತ್ತಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿ ಮೂಗು ಮುಚ್ಚಿಕೊಂಡು ಬಂದು, “ಕ್ಯಾ ಭಾಯ್, ಪನೀರ್ ಬನಾ ರಹೇ ಹೋ?” ಎಂದ. ಮಧ್ಯಾಹ್ನವಿಡೀ ಲ್ಯಾಬಿನಲ್ಲಿ ಹುಳಿ ವಾಸನೆ. ಪೈಪುಗಳ ವರದಿಯಲ್ಲಿ ನಾನು ಎಲ್ಲವನ್ನೂ ಫೇಲ್ ಮಾಡಿದೆ, ಆಮೇಲೆ ಮನಸ್ಸು ತಣ್ಣಗಾಗಿ ಸರಿಯಾಗಿ ನೋಡಿ ಪಾಸ್ ಮಾಡಿದೆ.

ಪ್ರದರ್ಶನ ಚೆನ್ನಾಗಿ ಆಯಿತು. ಸನ್ನಿಧಿ ಮೇಜಿನ ಮೇಲೆ ಹಾಲಿನ ಗುಂಡಿಗಳನ್ನು ಸಾಲಾಗಿ ಇಟ್ಟಿದ್ದಳು. ಮುದ್ದೆಯನ್ನು ಚಿಕ್ಕ ಬಿಲ್ಲೆ ಮಾಡಿ ನಡುವೆ ಹೆಬ್ಬೆರಳಿನಿಂದ ಒತ್ತಿ, ಹಲ್ಲುಕಡ್ಡಿಯಿಂದ ಎರಡು ತೂತು ಮಾಡಿದ್ದು. ಒಣಗಿದಾಗ ಹಳೆಯ ದಂತದ ಬಣ್ಣ. ಪ್ರತಿ ಗುಂಡಿಯ ಗುಳಿಯಲ್ಲೂ ಅವಳ ಪುಟ್ಟ ಹೆಬ್ಬೆರಳಿನ ಗೆರೆಗಳು ಸ್ಪಷ್ಟವಾಗಿ ಮೂಡಿದ್ದವು. ಮನೆಗೆ ಬಂದವಳೇ ಅವುಗಳಲ್ಲಿ ಅತ್ಯಂತ ಚಂದದ್ದನ್ನು ಆರಿಸಿ ಎದುರು ಮನೆಗೆ ಓಡಿದಳು. ವಲೇರಿಯನ್ ಅವರು ಇಗರ್ಜಿಗೆ ಹಾಕಿಕೊಂಡು ಹೋಗುವ ಬಿಳಿ ಅಂಗಿಯ ಎರಡನೆಯ ಗುಂಡಿ ಎಂದೋ ಬಿದ್ದುಹೋಗಿ, ಅಲ್ಲಿ ಒಂದು ನೀಲಿ ಗುಂಡಿ ಕೂತಿತ್ತು. ಅದನ್ನು ಕಿತ್ತು ಹಾಲಿನ ಗುಂಡಿ ಹೊಲಿಸಿಕೊಂಡರು.

ಆಗ ಇಲ್ಲಿ ಶುಕ್ರವಾರ, ಶನಿವಾರ ರಜೆ. ಅವರು ಶುಕ್ರವಾರ ಬೆಳಿಗ್ಗೆ ಇಗರ್ಜಿಗೆ ಇಳಿಯುವ ಹೊತ್ತಿಗೇ ನಾನು ಕೆಳಗಿನ ಬಖಾಲಾ ಅಂಗಡಿಗೆ ಕೊತ್ತಂಬರಿ ಸೊಪ್ಪಿಗೆ ಇಳಿಯುವುದು. ಏಳು ಮಹಡಿ, ಒಂದು ಲಿಫ್ಟು, ಮೂರು ಕಡೆ ಕನ್ನಡಿ. ಎತ್ತ ನೋಡಿದರೂ ಆ ಗುಂಡಿಯೇ. “ನೋಡಿದ್ರಾ ರಾಯರೇ? ನಮ್ಮ ಸನ್ನಿ ಮಾಡಿದ್ದು!” ಎಂದು ಅವರು ಎದೆ ಮುಂದೆ ಮಾಡಿ ತೋರಿಸುತ್ತಿದ್ದರು. ನಮ್ಮ ಸನ್ನಿ! ಇಗರ್ಜಿಯಲ್ಲಿ ಪಾದ್ರಿಗಳಿಗೂ ತೋರಿಸಿದರಂತೆ. ನಾನು “ಭಾರೀ ಲಾಯ್ಕುಂಟು” ಎಂದು ನಕ್ಕೆ. ಆ ನಗುವನ್ನು ನಮ್ಮ ಲ್ಯಾಬಿನ ಯಂತ್ರಕ್ಕೆ ಹಾಕಿ ಎಳೆದಿದ್ದರೆ ಎಷ್ಟು ಬಲಕ್ಕೆ ಹರಿಯುತ್ತಿತ್ತೋ ತಿಳಿಯುತ್ತಿತ್ತು.

ಇಲ್ಲಿ ನಾನು ನಿಮ್ಮಿಂದ ಇಷ್ಟು ಹೊತ್ತು ಮುಚ್ಚಿಟ್ಟ ಒಂದು ಸಂಗತಿ ಇದೆ. ಹೇಳದೆ ಮುಂದಕ್ಕೆ ಹೋಗಬಹುದು ಎಂದುಕೊಂಡಿದ್ದೆ, ಆದರೆ ಆಗುತ್ತಿಲ್ಲ. ಸನ್ನಿಧಿ ಮಾಡಿದ ಮೊಟ್ಟಮೊದಲ ಗುಂಡಿ ಬಂದದ್ದು ನನಗೇ. ಪ್ರದರ್ಶನಕ್ಕೆ ಎರಡು ವಾರ ಮೊದಲು ಒಂದು ಸಂಜೆ ನಾನು ಚಹಾ ಕುಡಿಯುತ್ತಿದ್ದಾಗ ಅವಳು ಅಂಗೈ ಬಿಡಿಸಿ ಅದನ್ನು ಮೇಜಿನ ಮೇಲಿಟ್ಟಳು. “ಫಾರ್ ಯು, ಅಪ್ಪ,” ಎಂದಳು. ನಾನು ಅದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಗಾಳಿಗುಳ್ಳೆ ಇದೆಯೇ ನೋಡಿದೆ. ಆಮೇಲೆ ಎರಡು ಬೆರಳುಗಳ ನಡುವೆ ಇಟ್ಟು ಬಗ್ಗಿಸಿದೆ. ಹದಿನೆಂಟು ವರ್ಷ ಬಗ್ಗಿಸಿ ನೋಡಿದ ಕೈ, ಕೇಳಬೇಕೇ? ಟಪ್ ಎಂದು ಎರಡು ತುಂಡಾಯಿತು. “ಬ್ರಿಟಲ್,” ಎಂದೆ. “ಗಟ್ಟಿ ಇಲ್ಲ ನೋಡು.” ನಿಜ ಹೇಳುತ್ತೇನೆ, ಅದನ್ನು ಹೇಳುವಾಗ ನನಗೆ ಒಂದು ಬಗೆಯ ಸಮಾಧಾನವೂ ಆಯಿತು, ಯಾಕೆಂದರೆ ಅದು ಎದುರು ಮನೆಯ ಒಲೆಯಲ್ಲಿ ಆದದ್ದು. ಅವಳು ಅಳಲಿಲ್ಲ. ಎರಡು ತುಂಡನ್ನೂ ಅಂಗೈಗೆ ಬಳಿದುಕೊಂಡು ಹೋದಳು. ಶ್ಯಾಮಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದು ಬೇಡ. ಒಟ್ಟಿನಲ್ಲಿ, ಆ ಎರಡನೆಯ ಗುಂಡಿ ಯಾರ ಅಂಗಿಯಲ್ಲಿ ಇರಬೇಕಿತ್ತು, ಯಾಕೆ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೆ ಹೊಟ್ಟೆಕಿಚ್ಚು ಕಡಿಮೆಯಾಗುತ್ತದೆ ಎಂದು ನೀವು ತಿಳಿದಿದ್ದರೆ ನಿಮಗೆ ಅದರ ಅನುಭವ ಸಾಲದು.

ಈಗ ನೀರಿನ ವಿಷಯ. ಆ ಗುಂಡಿ ಒಂದು ಒಗೆತವನ್ನೂ ತಡೆಯದು ಎಂದು ಇಡೀ ಕಟ್ಟಡದಲ್ಲಿ ಬಲ್ಲವನು ನಾನೊಬ್ಬನೇ. ಅಂಗಿ ಒಗೆಯುವ ಮೊದಲು ಗುಂಡಿ ಬಿಚ್ಚಿಡಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಲಿಫ್ಟಿನಲ್ಲಿ ಏಳು ಮಹಡಿಗಳಷ್ಟು ಸಮಯವೂ ಇತ್ತು. ನಾನು ಹೇಳಲಿಲ್ಲ. ಸಂಜೆ ಅವರ ಬಾಲ್ಕನಿಯ ತಂತಿಯ ಮೇಲೆ ಬಿಳಿ ಅಂಗಿ ಕಾಣುತ್ತದೆಯೇ ಎಂದು ನಮ್ಮ ಬಾಲ್ಕನಿಯ ಮೂಲೆಯಿಂದ ಬಗ್ಗಿ ನೋಡುತ್ತಿದ್ದೆ. ಆ ಮನುಷ್ಯ ಗುಂಡಿಯ ಮೇಲಿನ ಪ್ರೀತಿಗೆ ಮೂರು ಶುಕ್ರವಾರ ಅಂಗಿಯನ್ನು ಒಗೆಯಲು ಬಿಡಲೇ ಇಲ್ಲ. ಅಬುಧಾಬಿಯ ಬೇಸಿಗೆಯಲ್ಲಿ ಮೂರು ವಾರ! ಪ್ರೀತಿ ಎಂದರೆ ಅದು. ನಾಲ್ಕನೆಯ ವಾರ ಗ್ರೆಟ್ಟಾ ಅವರಿಗೆ ತಡೆಯಲಾಗಲಿಲ್ಲ. ಗಂಡ ಪಾಳಿಗೆ ಹೋದ ಹೊತ್ತು ನೋಡಿ ಅಂಗಿಯನ್ನು ಮೆಷಿನ್ನಿಗೆ ಹಾಕಿದರು.

ಅಂದು ನಾನು ಬಂದು ಐದು ನಿಮಿಷವೂ ಆಗಿರಲಿಲ್ಲ, ವಲೇರಿಯನ್ ಬಾಗಿಲು ತಟ್ಟಿದರು. ಸನ್ನಿಧಿ ಒಳಗೆ ಹೋಂವರ್ಕ್ ಮಾಡುತ್ತಿದ್ದಳು. ಅವರು ಕಣ್ಸನ್ನೆ ಮಾಡಿ ನನ್ನನ್ನು ಹೊರಗೆ ಕರೆದು ಕೈಯಲ್ಲಿದ್ದ ಚಹಾದ ಬಸಿಯನ್ನು ತೋರಿಸಿದರು. ಅದರಲ್ಲಿ ಹಸಿ ಪನೀರಿನ ಚೂರಿನಂಥ ಒಂದು ಮೆತ್ತನೆ ಬಿಳಿ ಪದಾರ್ಥ ದಾರಕ್ಕೆ ಅಂಟಿಕೊಂಡಿತ್ತು.

“ಹೋಯ್ತು ರಾಯರೇ,” ಎಂದರು. ಅರವತ್ತು ಜನಕ್ಕೆ ಮದುವೆ ಕೇಕು ಕತ್ತರಿಸಿ ಕೊಡುವ ಮನುಷ್ಯ ಆ ಬಸಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. “ಮಗುವಿಗೆ ಎಂತ ಹೇಳುದು ನಾನು? ನಾಡ್ದು ಶುಕ್ರವಾರ ನೋಡ್ತಾಳೆ ಅವಳು. ನಂಗೆ ಇದ್ರ ಬಗ್ಗೆ ಎಂತದೂ ಗೊತ್ತಿಲ್ಲ ಮಾರಾಯ್ರೆ, ನಾನು ಬರೀ ಅಡುಗೆಯವ. ನೀವು ಪ್ಲಾಸ್ಟಿಕ್ಕಿನವ್ರು. ಹೀಗೇ ಇರುವಂಥದ್ದು ಒಂದು ಮಾಡಿ ಕೊಡ್ಬಹುದಾ?”

ನಾನು ಕಾದಿದ್ದ ಗಳಿಗೆ ಇದೇ. ಗೆದ್ದೆ. ಆದರೆ ಗೆದ್ದವನಿಗೆ ಬಸಿಯ ಕಡೆ ನೋಡಲಾಗಲಿಲ್ಲ. “ನಂಗೆ ಗೊತ್ತಿತ್ತು,” ಎಂದು ಬಾಯಿ ತನಕ ಬಂದದ್ದನ್ನು ನುಂಗಿ, “ಹಾಲು ಉಂಟಾ ನಿಮ್ಮಲ್ಲಿ?” ಎಂದೆ. ಅಷ್ಟರಲ್ಲೂ ನನ್ನ ಮನೆಯ ಹಾಲನ್ನು ಉಳಿಸಿಕೊಂಡೆ ನೋಡಿ.

ಸನ್ನಿಧಿಯ ಕಣ್ಣಿಗೆ ಬೀಳದ ಹಾಗೆ ಇದು ನಡೆಯಬೇಕಿತ್ತು. ಈ ಶುಕ್ರವಾರ ಆ ಅಂಗಿ ಹಾಕುವುದೇ ಬೇಡ, ಕೇಳಿದರೆ ಇಸ್ತ್ರಿಗೆ ಕೊಟ್ಟಿದೆ ಎನ್ನೋಣ ಎಂದು ಮಾತಾಯಿತು. ಶನಿವಾರ ಹೆಂಗಸರಿಬ್ಬರೂ ಅವಳನ್ನು ಕರೆದುಕೊಂಡು ಅಲ್ ಮೀನಾ ಮಾರ್ಕೆಟ್ಟಿಗೆ ಹೋದರು, ಗ್ರೆಟ್ಟಾ ಮೀನಿಗೆ, ಶ್ಯಾಮಲಾ ತರಕಾರಿಗೆ. ಅವರು ಲಿಫ್ಟು ಇಳಿದದ್ದೇ ನಾನು ಎದುರು ಮನೆಗೆ ದಾಟಿದೆ. ಹಾಲಿನಲ್ಲಿ ಹಬೆ ಬಂತು. ವಲೇರಿಯನ್ ವಿನೆಗರಿನ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ಅಜ್ಜಿಯನ್ನು ನೆನೆದು, ಕಣ್ಣು ಮುಚ್ಚಿ, ಸುರಿದೆ. ಏನೂ ಆಗಲಿಲ್ಲ. ಅಂದರೆ ಹಾಲು ಒಡೆಯಿತು, ಬೇರೇನೂ ಆಗಲಿಲ್ಲ. ಬಿಸಿಬಿಸಿ ಮುದ್ದೆ ಕೈಗೆ ಬಂದಾಗ, ಇಷ್ಟಕ್ಕೆ ಮಗಳನ್ನು ಬಾಗಿಲಾಚೆ ಕಳಿಸಿದೆನೇ ಎನಿಸಿತು.

ನಾದುತ್ತ ನಾದುತ್ತ ವಲೇರಿಯನ್ ಹೇಳಿದರು: “ಅವಳು ಪ್ರತಿಸಲ ನಂಗೆ ಬೈತಿದ್ಲು ಗೊತ್ತುಂಟಾ? ‘ಇದು ಸಾಕಾಗ್ಲಿಕ್ಕಿಲ್ಲ ಅಂಕಲ್, ಅಪ್ಪ ಟೆಸ್ಟ್ ಮಾಡ್ತಾರೆ’ ಅಂತ. ನಿಮ್ಮ ಹೆದರಿಕೆಗೆ ನಾವು ಎಷ್ಟು ಲೀಟರ್ ಹಾಲು ಒಡೆಸಿದ್ದೇವೋ!” ನಾನು ಇನ್ನಷ್ಟು ಜೋರಾಗಿ ನಾದಿದೆ. ಬಿಲ್ಲೆ ಮಾಡಿ ನಡುವೆ ಹೆಬ್ಬೆರಳು ಒತ್ತಿದೆ. ಖರ್ಜೂರದ ಖಾಲಿ ಡಬ್ಬಿಯಲ್ಲಿಟ್ಟು ನಮ್ಮ ಫ್ರಿಜ್ಜಿನ ಮೇಲೆ ಅಡಗಿಸಿದೆ. ಒಣಗಿದ ಮೇಲೆ ಹೊಲಿದದ್ದು ವಲೇರಿಯನ್ ಅವರೇ. ಇನ್ನು ಮುಂದೆ ಒಗೆಯುವಾಗ ಬಿಚ್ಚಿಡಬೇಕೆಂದು ಅವರಿಗೆ ಮೂರು ಸಲ ಹೇಳಿದೆ. ತಡವಾಗಿ ಬಂದ ಪ್ರಾಮಾಣಿಕತೆಗೆ ಸ್ವಲ್ಪ ಬಾಯಿ ಜಾಸ್ತಿ.

ಮುಂದಿನ ಶುಕ್ರವಾರ ಲಿಫ್ಟಿನಲ್ಲಿ ನಾವು ಮೂವರು. ಸನ್ನಿಧಿ ಅಂದು ನನ್ನ ಜೊತೆ ಬಖಾಲಾಕ್ಕೆ ಹೊರಟಿದ್ದಳು. ವಲೇರಿಯನ್ ಎದೆ ಮುಂದೆ ಮಾಡಿದರು, ಆದರೆ ಎಂದಿಗಿಂತ ಸ್ವಲ್ಪ ಕಡಿಮೆ. ಐದನೆಯ ಮಹಡಿ ದಾಟುವಾಗ ಅವಳು ಗುಂಡಿಯ ಹತ್ತಿರ ಮುಖ ತಂದಳು. ನಾಲ್ಕನೆಯದರಲ್ಲಿ ತನ್ನ ಹೆಬ್ಬೆರಳನ್ನು ಅದರ ಗುಳಿಯಲ್ಲಿ ಇಟ್ಟಳು. ಬೆರಳಿನ ಸುತ್ತ ಜಾಗ ಉಳಿಯಿತು.

“ದಿಸ್ ಈಸ್ ನಾಟ್ ಮೈನ್,” ಎಂದಳು. ಮತ್ತೆ ಬಗ್ಗಿ ನೋಡಿದಳು. ಗುಳಿಯ ನಡುವೆ ಅಡ್ಡಕ್ಕೆ ಒಂದು ಗೆರೆ. ಹದಿನೆಂಟು ವರ್ಷ ತಪಾಸಣೆ ಮಾಡಿದವನು ನಾನು, ನನ್ನ ಗಾಯದ ಗುರುತು ಅಚ್ಚಾಗುತ್ತದೆಂದು ನನಗೆ ಹೊಳೆದಿರಲಿಲ್ಲ. ಅವಳು ನನ್ನ ಬಲಗೈಯನ್ನು ಎತ್ತಿ ಹೆಬ್ಬೆರಳನ್ನು ತಿರುಗಿಸಿ ನೋಡಿದಳು. ವಲೇರಿಯನ್ ಚಾವಣಿ ನೋಡಿದರು.

ಈಗ ಅವಳು ಕೇಳುತ್ತಾಳೆ, ನನ್ನ ಗುಂಡಿ ಏನಾಯಿತು ಎಂದು ಅಳುತ್ತಾಳೆ ಎಂದುಕೊಂಡೆ. ಉತ್ತರವನ್ನೂ ಕಟ್ಟಿಕೊಂಡಿದ್ದೆ. ಅವಳು ಗುಂಡಿಯ ಸುದ್ದಿಯನ್ನೇ ಎತ್ತಲಿಲ್ಲ. ಮುಖ ಕೆಂಪಾಯಿತು, ಕೆಳತುಟಿ ಮುಂದೆ ಬಂತು.

“ನೀನು ಅಂಕಲ್‌ಗೆ ಮಾಡಿ ಕೊಟ್ಟಿದ್ದೀ,” ಎಂದಳು. “ನಂಗೆ ಮಾಡ್ಲೇ ಇಲ್ಲ. ನಂಗೆ ಒಂದು ಸಲವೂ ಮಾಡಿ ಕೊಡ್ಲಿಲ್ಲ.”

ಆ ಮುಖ ನನಗೆ ಚೆನ್ನಾಗಿ ಪರಿಚಯವಿತ್ತು. ಒಂದೂವರೆ ತಿಂಗಳಿಂದ ಅದೇ ಲಿಫ್ಟಿನ ಮೂರೂ ಕನ್ನಡಿಗಳಲ್ಲಿ ನಾನು ಅದನ್ನೇ ನೋಡುತ್ತಿದ್ದೆ. ಇಷ್ಟು ವರ್ಷ ಕರುಬುವವನಾಗಿಯೇ ಬದುಕಿದ ನನಗೆ, ನನಗಾಗಿಯೂ ಒಬ್ಬರ ಹೊಟ್ಟೆ ಉರಿಯಬಹುದು ಎಂದು ಗೊತ್ತಿರಲಿಲ್ಲ. ಮರುಗಬೇಕಾದ ಹೊತ್ತಿನಲ್ಲಿ ನನಗೆ ಆದದ್ದು ಖುಷಿ. ನಾಚಿಕೆಗೆಟ್ಟ ಖುಷಿ. ಹೊಟ್ಟೆಕಿಚ್ಚಿನ ಈ ಬದಿ ಇಷ್ಟು ತಂಪಾಗಿರುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ನಗು ಕಾಣಬಾರದೆಂದು ತಲೆ ತಗ್ಗಿಸಿ ಚಪ್ಪಲಿ ನೋಡಿದೆ.

ಬಖಾಲಾದಿಂದ ಕೊತ್ತಂಬರಿಯ ಜೊತೆ ಎರಡು ಲೀಟರ್ ಹಾಲು ತಂದೆ. ಮನೆಗೆ ಬಂದು ಒಂದು ಲೀಟರನ್ನು ನಮ್ಮದೇ ಒಲೆಯ ಮೇಲಿಟ್ಟು, ನಿಂಬೆಹಣ್ಣು ಕೈಗೆ ತೆಗೆದುಕೊಂಡೆ. ಶ್ಯಾಮಲಾ ಹಾಲನ್ನು ನೋಡಿದಳು, ನಿಂಬೆಹಣ್ಣನ್ನು ನೋಡಿದಳು, ಮಗಳ ಮುಖ ನೋಡಿದಳು. ಹೋಗಿ ಕಿಟಕಿ ತೆರೆದಿಟ್ಟಳು. ಸನ್ನಿಧಿ ಮೂತಿ ಉಬ್ಬಿಸಿಕೊಂಡೇ ಸ್ಟೂಲು ಎಳೆದು ಕೂತು ನನ್ನ ಕೆಲಸದ ಮೇಲ್ವಿಚಾರಣೆ ಮಾಡಿದಳು. ಹಾಲು ಕುದಿಯಬಾರದು ಎಂದಳು. ಹಿಂಡಿದ್ದು ಸಾಲದು ಎಂದಳು. ಎಲ್ಲವೂ ಸರಿ ಇತ್ತು.

ಎರಡು ದಿನ ಕಳೆದು ಅದು ಒಣಗಿತು. ನನ್ನ ಗೆರೆ ಅಡ್ಡಕ್ಕೆ ಮೂಡಿದ ಗುಂಡಿಯನ್ನು ಅವಳ ಅಂಗೈಯಲ್ಲಿಟ್ಟು, “ನಿಂಗೆ,” ಎಂದೆ. ಅವಳು ಅದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಕಣ್ಣು ಮುಚ್ಚಿ ಗಾಳಿಗುಳ್ಳೆ ಇದೆಯೇ ನೋಡಿದಳು. ಆಮೇಲೆ ಎರಡು ಬೆರಳುಗಳ ನಡುವೆ ಇಟ್ಟು, ನನ್ನ ಮುಖವನ್ನೇ ನೋಡುತ್ತ, ಬಗ್ಗಿಸಿದಳು. ಟಪ್.

“ಬ್ರಿಟಲ್,” ಎಂದಳು.

ಎರಡು ತುಂಡನ್ನೂ ಮೇಜಿನ ಮೇಲಿಟ್ಟು, ಸ್ಟೂಲನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡು, “ಇನ್ನೊಂದು ಮಾಡುವಾ ಅಪ್ಪ,” ಎಂದಳು. ಫ್ರಿಜ್ಜಿನಲ್ಲಿ ಇನ್ನೂ ಒಂದು ಲೀಟರ್ ಹಾಲಿತ್ತು.